ಮೂರು ಗೆರೆಯ ದುಡ್ಡು

ಹುಮನಾಬಾದ್

ಪರದೇಶಕ್ಕೆ ಹೋಗಿಬಂದವರೆಲ್ಲ ಮೊದಲು ವಿಮಾನದ ಕಿಟಕಿಯಿಂದ ಕಂಡ ಮೋಡಗಳ ಬಗ್ಗೆ ಬರೆಯುತ್ತಾರೆ. ನನಗೆ ಕಿಟಕಿಯ ಸೀಟು ಸಿಗಲಿಲ್ಲ. ಕಿಟಕಿಯ ಪಕ್ಕ ನನ್ನ ಷಡ್ಡಕ ವೈಜಿನಾಥ ಕೂತಿದ್ದ. ಇಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ಪ್ರವಾಸದ ಕಥೆಯೆಲ್ಲ ಹೀಗೇ ಇದೆ. ಕಿಟಕಿ ಅವನಿಗೆ, ನಡುವಿನ ಸೀಟು ನನಗೆ.

ನಾನು ಮಾಣಿಕಪ್ಪ, ಹುಮನಾಬಾದಿನಲ್ಲಿ ಬೋರ್ಡು ಬರೆಯುವವನು. ಕಾಳುಕಡಿಯ ಪೇಟೆಯಾದ ಗಂಜಿನ ಅಡತಿ ಅಂಗಡಿಗಳ ಹೆಸರು, ಹೈವೇ ಲಾರಿಗಳ ಹಿಂಬದಿ, ಔಷಧಿ ಕಾರ್ಖಾನೆಗಳ ಗೋಡೆಯ ಮೇಲಿನ ‘ಅಪಾಯ’, ಮಾಣಿಕನಗರದ ಆಟೋಗಳ ನೆತ್ತಿಯ ಮೇಲಿನ ದೇವರ ಹೆಸರು, ಎಲ್ಲ ನನ್ನ ಕೈಯವೇ. ಕನ್ನಡ, ಮರಾಠಿ, ಉರ್ದು ಮೂರೂ ಬರೆಯುತ್ತೇನೆ. ವೈಜಿನಾಥ ಬಸವಕಲ್ಯಾಣದಲ್ಲಿ ಇದೇ ಕೆಲಸ ಮಾಡುತ್ತಾನೆ. ಇಬ್ಬರೂ ಒಬ್ಬರೇ ಗುರುವಿನ ಹತ್ತಿರ ಕುಂಚ ಹಿಡಿದವರು. ಗುರು ತಮ್ಮ ದೊಡ್ಡ ಮಗಳು ಕಸ್ತೂರಬಾಯಿಯನ್ನು ನನಗೆ ಕೊಟ್ಟರು, ಚಿಕ್ಕವಳನ್ನು ಅವನಿಗೆ. ಅಂದಿನಿಂದ ಗುರು ನಮಗೆ ಮಾವ ಆದರು, ನಾವು ಷಡ್ಡಕರಾದೆವು.

ನನ್ನ ಹೊಟ್ಟೆಕಿಚ್ಚಿನ ಮೂಲ ಹೇಳಿಬಿಡುತ್ತೇನೆ. ಮಾವ ಯಾವಾಗಲೂ ವೈಜಿನಾಥನ ಬೋರ್ಡಿನ ಮುಂದೆ ತಾಸುಗಟ್ಟಲೆ ನಿಲ್ಲುತ್ತಾರೆ. ‘ಈ ಕ-ದ ಹೊಟ್ಟಿ ಸಣ್ಣಾಗೇದ ನೋಡು’ ಅನ್ನುತ್ತಾರೆ, ‘ಈ ಕೆಂಪು ಭಾಳ ಚಲೋ ಕುಂತದ’ ಅನ್ನುತ್ತಾರೆ, ಬೈಯುತ್ತಾರೆ, ಹೊಗಳುತ್ತಾರೆ, ಮತ್ತೆ ಬೈಯುತ್ತಾರೆ. ನನ್ನ ಬೋರ್ಡಿನ ಮುಂದೆ ಬಂದರೆ ಒಮ್ಮೆ ಕತ್ತೆತ್ತಿ ನೋಡುತ್ತಾರೆ, ಮುಂದೆ ನಡೆಯುತ್ತಾರೆ. ಒಂದು ಅಕ್ಷರದ ಬಗ್ಗೆ ಒಂದು ಮಾತಿಲ್ಲ. ಅಳಿಯನಾಗಿ ಇಷ್ಟು ವರ್ಷವಾಯಿತು, ಹೊಗಳಿಕೆ ಹಾಳಾಗಿ ಹೋಗಲಿ, ಬೈಗುಳವೂ ನನ್ನ ಪಾಲಿಗೆ ಬರಲಿಲ್ಲ.

ಜಾರ್ಜಿಯಾ ದೇಶದ ನೀನೋ ಎಂಬ ಹೆಣ್ಣುಮಗಳು ಕೈಬರಹದ ಬೋರ್ಡುಗಳ ಫೋಟೋ ತೆಗೆಯುತ್ತ ನಮ್ಮ ಕಡೆ ಬಂದಿದ್ದಳು. ಬಸವಕಲ್ಯಾಣದಲ್ಲಿ ವೈಜಿನಾಥ ಅವಳಿಗೆ ಚಹಾ ಕುಡಿಸಿ, ಕೋಟೆ ತೋರಿಸಿ, ಅರ್ಧ ದಿನ ಮಾತಾಡಿ ಕಳಿಸಿದ. ಬಾಯಿ ಇದ್ದವನು ಬರಗಾಲದಲ್ಲೂ ಬದುಕುತ್ತಾನೆ. ಮುಂದೆ ಅವಳ ಊರಾದ ಟಿಬಿಲಿಸಿಯಲ್ಲಿ ಅಕ್ಷರ ಬರೆಯುವವರ ಒಂದು ಕೂಟ ಆಗುವುದಿತ್ತು. ಅದಕ್ಕೆ ಬಾ ಎಂದು ಅವನಿಗೆ ಕರೆ ಬಂತು. ಅವನು ‘ನಮ್ಮ ಅಣ್ಣನೂ ಇದ್ದಾನೆ’ ಎಂದು ಬರೆದನಂತೆ. ಹೂವಿನ ಜೊತೆ ನಾರೂ ಹೊರಟಿತು.

ಬಸ್‌ಸ್ಟ್ಯಾಂಡಿಗೆ ಕಳಿಸಲು ಬಂದ ಕಸ್ತೂರಬಾಯಿ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕೈಗಿಟ್ಟಳು. ನಂತರ ಕಿವಿಯ ಹತ್ತಿರ ಬಂದು ಹೇಳಿದಳು.

“ಅಲ್ಲಿ ಹೋಗಿ ಮಾರಿ ಗಂಟ್ ಹಾಕ್ಕೊಂಡ್ ಕುಂದರಬ್ಯಾಡ್ರಿ. ತಂಗಿ ಗಂಡ ಮಾತಾಡ್ತಾನಂದ್ರ ನೀವೂ ಎರಡ್ ಮಾತ್ ಆಡ್ರಿ. ಬಾಯಾಗೇನ್ ಬಣ್ಣ ಇಟ್ಕೊಂಡೀರಿ?”

ಮಾವನಿಂದ ಬಿಟ್ಟುಹೋದ ಬೈಗುಳವನ್ನು ಅವರ ಮಗಳೇ ತುಂಬಿ ಕೊಡುತ್ತಾಳೆ. ಆದರೆ ಅವತ್ತು ನಾನೂ ಮನಸ್ಸಿನಲ್ಲಿ ಒಂದು ಮಾತು ಗಟ್ಟಿ ಮಾಡಿಕೊಂಡೆ. ಅಲ್ಲಿ ಏನು ಬರೆಯಲು ಹೇಳಿದರೂ ಸರಿ, ಮಾವ ಅದನ್ನು ನೋಡಿ ಏನಾದರೂ ಒಂದು ಮಾತು ಅನ್ನಬೇಕು. ಅಂಥದ್ದು ಬರೆದು ತರುತ್ತೇನೆ.

ಹೈದರಾಬಾದ್

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಚೀಲ ನಿಂತಿತು. ಅಧಿಕಾರಿ ಒಳಗಿನಿಂದ ಪ್ಲಾಸ್ಟಿಕ್ ಪೊಟ್ಟಣ ಎಳೆದ. ಅದರ ತುಂಬ ಬಿಳಿ ಪುಡಿ.

ಆ ಪುಡಿಯ ವಿಷಯ ಹೇಳಬೇಕು. ಹೊಸ ಹಲಗೆಗೆ ಮೊದಲ ಅಕ್ಷರ ಬರೆಯುವ ಮುಂಚೆ ನಾವು ವಿಭೂತಿಯ ಪುಡಿಯಲ್ಲಿ ಮೂರು ಬೆರಳು ಅದ್ದಿ, ಹಲಗೆಯ ನೆತ್ತಿಗೆ ಅಡ್ಡಲಾಗಿ ಮೂರು ಗೆರೆ ಎಳೆಯುತ್ತೇವೆ. ಹಣೆಗೆ ಹಚ್ಚಿಕೊಂಡ ಹಾಗೆಯೇ. ಮಾವ ಕಲಿಸಿದ್ದು ಅದು. ಆಮೇಲೆ ಹಿನ್ನೆಲೆಯ ಬಣ್ಣವನ್ನು ಅದರ ಮೇಲೆ ಹಾಯಿಸಿ ಮುಚ್ಚಿಬಿಡಬೇಕು. ‘ಗಿರಾಕಿಗಿ ಕಾಣಬಾರದು, ಹಲಗಿಗಿ ಗೊತ್ತಿದ್ರ ಸಾಕು’ ಎನ್ನುತ್ತಿದ್ದರು. ದರ್ಗಾದ ಬೋರ್ಡಿರಲಿ, ಬೌದ್ಧ ವಿಹಾರದ ಬೋರ್ಡಿರಲಿ, ಚಿಕನ್ ಅಂಗಡಿಯದಿರಲಿ, ಎಲ್ಲದರ ಬಣ್ಣದ ಕೆಳಗೂ ಆ ಮೂರು ಗೆರೆ ಇವೆ. ಇವತ್ತಿನವರೆಗೂ ಯಾರೂ ಕೇಳಿಲ್ಲ, ನಾವೂ ಹೇಳಿಲ್ಲ.

ಅಧಿಕಾರಿ ಉತ್ತರದ ಕಡೆಯವನು. ಇದೇನು ಎಂದು ಹಿಂದಿಯಲ್ಲಿ ಕೇಳಿದ. “ರಾಖ್” ಅಂದೆ. ಬೂದಿ ಅಂದದ್ದೇ ತಡ, ಅವನ ಮುಖ ಮೆತ್ತಗಾಯಿತು. ಯಾರದು ಎಂದು ದನಿ ತಗ್ಗಿಸಿ ಕೇಳಿದ.

“ಹಮಾರಾ,” ಅಂದೆ, ನಮ್ಮದೇ ಎಂದು.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಸತ್ತವನ ಚಿತಾಭಸ್ಮ ಹೊತ್ತವನನ್ನು ಅವನು ಕಂಡಿದ್ದಾನು, ತನ್ನದೇ ಬೂದಿ ತಾನೇ ಹೊತ್ತು ಹೊರಟವನನ್ನು ಕಂಡಿರಲಿಕ್ಕಿಲ್ಲ. ಅಷ್ಟರಲ್ಲಿ ವೈಜಿನಾಥ ಮುಂದೆ ನುಗ್ಗಿದ, ಮೂರು ಬೆರಳು ಪೊಟ್ಟಣದಲ್ಲಿ ಅದ್ದಿ ತನ್ನ ಹಣೆಗೆ ಎಳೆದುಕೊಂಡ, ಕೈ ಮುಗಿದು ನಕ್ಕ. ಅಧಿಕಾರಿಯೂ ನಕ್ಕು ತನ್ನ ಹಣೆ ಮುಂದೆ ಮಾಡಿದ. ಪೊಟ್ಟಣ ನನ್ನದು, ಆಶೀರ್ವಾದ ಮಾಡಿದ ಪುಣ್ಯ ಅವನದು.

“ಅಣ್ಣಾ, ಫಿಕರ್ ಮಾಡಬ್ಯಾಡ, ನಾ ಇದ್ದೀನಲ್ಲ,” ಎಂದು ಬೆನ್ನು ಚಪ್ಪರಿಸಿದ. ಅದೇ ನನ್ನ ಫಿಕರ್ ಆಗಿತ್ತು.

ಟಿಬಿಲಿಸಿ, ಬಂದ ದಿನ

ಜಾರ್ಜಿಯಾಕ್ಕೆ ಹೋಗುತ್ತೇನೆ ಅಂದಾಗ ಗಂಜಿನ ಅಡತಿಯವರು ಅಮೆರಿಕ ಎಂದುಕೊಂಡಿದ್ದರು. ಅಲ್ಲ. ಇದು ಗುಡ್ಡಗಳ ನಡುವೆ ಕೂತ ಪುಟ್ಟ ದೇಶ. ನಮ್ಮ ಬೀದರ, ಕಲಬುರಗಿ ಜಿಲ್ಲೆಗಳನ್ನು ಕೂಡಿಸಿದರೆ ಇವರಿಗಿಂತ ನಾವೇ ಹೆಚ್ಚಾಗುತ್ತೇವೇನೋ. ಬೀದಿಯ ನಾಯಿಗಳ ಕಿವಿಗೆ ಬಿಲ್ಲೆ ಹೊಡೆದಿದ್ದಾರೆ, ನಮ್ಮಲ್ಲಿ ಎಮ್ಮೆಗಳಿಗೆ ಹೊಡೆಯುವ ಹಾಗೆ. ಆ ನಾಯಿಗಳು ಯಾರನ್ನೂ ಬೊಗಳುವುದಿಲ್ಲ, ಅಂಗಡಿಯ ಬಾಗಿಲಲ್ಲಿ ಮಾಲೀಕರಂತೆ ಮಲಗಿರುತ್ತವೆ. ಬಸ್ಸಿನ ಕಿಟಕಿಯಲ್ಲಿ ಚರ್ಚು ಕಂಡಾಗಲೆಲ್ಲ ಮುದುಕಿಯರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಅದೂ ಮೂರು ಮೂರು ಸಲ. ಮಾಣಿಕನಗರದ ಗುಡಿಯ ಕಮಾನು ಬಂದಾಗ ನಮ್ಮ ಬಸ್ಸಿನಲ್ಲಿ ಕೈಗಳು ಎದೆಗೆ ಹೋಗುತ್ತವಲ್ಲ, ಥೇಟ್ ಹಾಗೆ.

ಒಂದು ಅಂಗಡಿಯಲ್ಲಿ ಉದ್ದುದ್ದ ಮೇಣದ ಬತ್ತಿಗಳನ್ನು ದಾರದಿಂದ ತೂಗುಹಾಕಿದ್ದರು. ದೇವರ ಮುಂದೆ ಹಚ್ಚಲು ಆಗುತ್ತದೆಂದು ಕಸ್ತೂರಬಾಯಿಗೆ ಎರಡು ಆರಿಸಿದೆ. ಹಚ್ಚಿ ನೋಡೋಣವೆಂದು ಬೆಂಕಿಪೊಟ್ಟಣ ಕೇಳಿದೆ. ಅಂಗಡಿಯಾಕೆ ಕಣ್ಣರಳಿಸಿ ನೋಡಿ, ಒಂದನ್ನು ಕಚ್ಚಿ ತಿಂದು ತೋರಿಸಿದಳು. ದ್ರಾಕ್ಷಿ ರಸದಲ್ಲಿ ಅದ್ದಿದ ಅಕ್ರೋಟಿನ ಸರ ಅದು. ವೈಜಿನಾಥ ನಕ್ಕು ನಕ್ಕು ಪಾದಚಾರಿ ಕಟ್ಟೆಯ ಮೇಲೆ ಕೂತುಬಿಟ್ಟ.

ಇವೆಲ್ಲ ಇರಲಿ. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಅಕ್ಷರ ನೋಡಿ. ಅವರ ಲಿಪಿ ಗುಂಡಗಿದೆ, ನಮ್ಮ ಕನ್ನಡದ ದೂರದ ನೆಂಟರಂತೆ. ಯಾವ ಅಂಗಡಿಗೆ ಹೋದರೂ ಬೆಲೆಯ ಪಕ್ಕ ಅವರ ದುಡ್ಡಿನ ಚಿಹ್ನೆ ಇರುತ್ತದೆ. ಲಾರಿ ಎಂಬುದು ದುಡ್ಡಿನ ಹೆಸರು. ಅದರ ಮೊದಲ ಅಕ್ಷರ ‘ಲ’. ಅವರು ತಮ್ಮದೇ ಲ-ವನ್ನು ಬಿಲ್ಲಿನಂತೆ ಬಗ್ಗಿಸಿ, ಮೇಲೆ ಎರಡು ಕಡ್ಡಿ ನಿಲ್ಲಿಸಿದ್ದಾರೆ. ಅಷ್ಟೇ. ಟೊಮ್ಯಾಟೋ ಮಾರುವ ಮುದುಕಿ ರಟ್ಟಿನ ಮೇಲೆ ಒಂದೇ ಎಳೆತಕ್ಕೆ ಅದನ್ನು ಬರೆದಳು. ನಾನು ಅವಳ ಗಾಡಿಯ ಮುಂದೆ ನಿಂತುಬಿಟ್ಟೆ.

ನಮ್ಮ ರೂಪಾಯಿಗೆ ಚಿಹ್ನೆ ಬೇಕೆಂದು ದೇಶವೆಲ್ಲ ಹುಡುಕಾಡುವಾಗ ನಾನೂ ಹುಮನಾಬಾದಿನಲ್ಲಿ ಕೂತು ಕನ್ನಡದ ರ-ವನ್ನು ತಿರುಗಿಸಿ ಮುರುಗಿಸಿ ಬರೆದವನೇ. ಎಲ್ಲಿಗೂ ಕಳಿಸಲಿಲ್ಲ, ಯಾರು ಕೇಳುತ್ತಾರೆ ಅನ್ನಿಸಿತು. ಬಂದದ್ದು ನಾಗರಿಯ ರ ಮತ್ತು ಇಂಗ್ಲಿಷಿನ ಆರ್ ಕೂಡಿದ ಚಿಹ್ನೆ. ಚೆನ್ನಾಗಿಲ್ಲ ಎನ್ನಲಾರೆ, ಕೆಲಸ ಬಲ್ಲವನ ಕೈ ಅದು. ಆಮೇಲೆ ಹುಮನಾಬಾದಿನ ಎಲ್ಲ ಖಾನಾವಳಿ, ಕಟಿಂಗ್ ಅಂಗಡಿಯವರೂ ದರದ ಬೋರ್ಡು ಹೊಸದಾಗಿ ಬರೆಸಿದರು, ನನಗೆ ಕೈತುಂಬ ಕೆಲಸ ಸಿಕ್ಕಿತು. ಪ್ರತಿ ಸಲ ಆ ಚಿಹ್ನೆ ಬರೆಯುವಾಗ ಒಳಗೆ ಒಂದು ಮುಳ್ಳು ಚುಚ್ಚುತ್ತಿತ್ತು. ಇಲ್ಲಿ ಈ ಮುದುಕಿ ತನ್ನ ಅಕ್ಷರ ತಾನು ಬರೆದು ಟೊಮ್ಯಾಟೋ ಮಾರುತ್ತಿದ್ದಾಳೆ!

“ಏನ್ ನೋಡಾಕತ್ತಿ ಅಣ್ಣಾ?” ಅಂದ ವೈಜಿನಾಥ.

“ಟೊಮ್ಯಾಟೋ,” ಅಂದೆ.

ಊಟದ ಮೇಜು

ಜಾರ್ಜಿಯಾದವರಿಗೆ ಊಟವೆಂದರೆ ಭಾಷಣ. ಮೇಜಿಗೊಬ್ಬ ಯಜಮಾನ ಇರುತ್ತಾನೆ. ಅವನು ಎದ್ದು ನಿಂತು ಗ್ಲಾಸು ಎತ್ತಿ ಸತ್ತವರ ಹೆಸರಲ್ಲಿ, ತಾಯಂದಿರ ಹೆಸರಲ್ಲಿ, ನೆರೆಯವರ ಹೆಸರಲ್ಲಿ ಮಾತಾಡುತ್ತಾನೆ. ಅವನು ಮುಗಿಸುವವರೆಗೆ ಯಾರೂ ಗುಟುಕರಿಸುವಂತಿಲ್ಲ. ಆಮೇಲೆ ಎಲ್ಲರೂ ಸರದಿಯ ಮೇಲೆ ಮಾತಾಡಬೇಕು. ನಾವಿಬ್ಬರೂ ದಾಳಿಂಬೆ ರಸದ ಗ್ಲಾಸು ಹಿಡಿದು ಕೂತೆವು. ಇಂಥ ದೇಶದಲ್ಲಿ ವೈಜಿನಾಥ ಯಾಕೆ ಹುಟ್ಟಲಿಲ್ಲವೋ, ಹುಟ್ಟಿದ್ದರೆ ನನ್ನ ಪೀಡೆಯಾದರೂ ತೊಲಗುತ್ತಿತ್ತು.

ಅವನ ಸರದಿ ಬಂತು. ಹರಕುಮುರುಕು ಇಂಗ್ಲಿಷಿನಲ್ಲಿ ಕಲ್ಯಾಣದ ಶರಣರ ಕಾಯಕದ ಮಾತು ಹೇಳಿದ, ನಡುವೆ ಉರ್ದು ಸೇರಿಸಿದ, ಕಡೆಗೆ ಮರಾಠಿಯಲ್ಲಿ ಮುಗಿಸಿದ. ಯಾರಿಗೂ ತಿಳಿಯಲಿಲ್ಲ, ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬ ಗಡ್ಡದವನು ಕಣ್ಣೊರೆಸಿಕೊಂಡ. ನನ್ನ ಸರದಿ ಬಂದಾಗ ಎದ್ದು ನಿಂತೆ. ಕಸ್ತೂರಬಾಯಿಯ ಮಾತು ನೆನಪಾಯಿತು. “ರೊಟ್ಟಿ ಚಲೋ ಅದ,” ಅಂದೆ, ಕೂತೆ.

ಸುಳ್ಳಲ್ಲ, ರೊಟ್ಟಿ ಚೆನ್ನಾಗಿತ್ತು. ಮೆಕ್ಕೆಜೋಳದ ಹಿಟ್ಟಿನದು, ದಪ್ಪಗೆ, ಜೊತೆಗೆ ಮಣ್ಣಿನ ಗಡಿಗೆಯಲ್ಲಿ ಬೆಂದ ಕೆಂಪು ಕಾಳಿನ ಪಲ್ಯ. ಕಣ್ಣು ಮುಚ್ಚಿಕೊಂಡರೆ ನಮ್ಮೂರ ಪಕ್ಕದ ಹುಡಗಿ ಎಂಬ ಹಳ್ಳಿಯ ಹೊಲದಲ್ಲಿ ಕೂತು ಉಂಡ ಹಾಗಿತ್ತು. ಕಣ್ಣು ತೆರೆದರೆ ಎದುರಿಗೆ ವೈಜಿನಾಥನ ಸುತ್ತ ಜನ.

ಹಾಳೆ

ಕೂಟದ ಅಂಗಳದಲ್ಲಿ ಚಹಾ, ರೊಟ್ಟಿಗೆಲ್ಲ ನೀಲಿ ಕೂಪನ್ನು ನಡೆಯುತ್ತಿತ್ತು. ನೀನೋ ಎಲ್ಲರನ್ನೂ ಕೂಡಿಸಿ ಕೆಲಸ ಹೇಳಿದಳು. ನಿಮ್ಮ ಊರಿಗೆ ತನ್ನದೇ ದುಡ್ಡು ಇದ್ದರೆ ಅದರ ಚಿಹ್ನೆ ಹೇಗಿರುತ್ತದೆ, ಬರೆಯಿರಿ. ಅದರಲ್ಲಿ ನಿಮ್ಮ ಜನರ ರೀತಿ ರಿವಾಜು ಕಾಣಬೇಕು, ಆದರೆ ಕೋಟೆ, ಗೋಪುರ ಬೇಡ. ಕಿರಾಣಿ ಅಂಗಡಿಯವನು ಕಣ್ಣು ಮುಚ್ಚಿ ಬರೆಯುವಂತಿರಬೇಕು. ಮೂವರು ಹಿರಿಯರು ಒಂದನ್ನು ಆರಿಸುತ್ತಾರೆ, ಉಳಿದ ದಿನಗಳಲ್ಲಿ ಎಲ್ಲ ಕೂಪನ್ನುಗಳ ಮೇಲೂ ಅದೇ ಮುದ್ರೆ.

ಅವಳು ಮಾತು ಮುಗಿಸುವ ಮುಂಚೆಯೇ ನನಗೆ ನನ್ನ ಚಿಹ್ನೆ ಕಂಡಿತ್ತು. ನಮ್ಮ ದನದ ಸಂತೆಯಲ್ಲಿ ದರ ಬಾಯಿಂದ ಹೇಳುವುದಿಲ್ಲ. ಮಾರುವವನು, ಕೊಳ್ಳುವವನು ಕೈ ಕೈ ಹಿಡಿದು, ಮೇಲೆ ಹೆಗಲ ಟವೆಲ್ ಮುಚ್ಚಿ, ಬೆರಳು ಒತ್ತಿ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ. ಎಮ್ಮೆ ಮಾರಾಟವಾಗದಿದ್ದರೂ ಯಾರ ಮರ್ಯಾದೆಯೂ ಹೋಗುವುದಿಲ್ಲ. ನಾನು ಕನ್ನಡದ ರ ಬರೆದೆ. ಅದರ ಗುಂಡು ಹೊಟ್ಟೆಯನ್ನು ಒಂದಕ್ಕೊಂದು ಹಿಡಿದ ಎರಡು ಮುಷ್ಟಿ ಮಾಡಿದೆ, ತಲೆಕಟ್ಟನ್ನು ಮೇಲಿಂದ ಇಳಿಬಿದ್ದ ಟವೆಲ್ ಮಾಡಿದೆ. ಎರಡೇ ಎಳೆತ. ಬರೆದು ಕುಂಚ ಇಟ್ಟಾಗ ಮೈ ಜುಮ್ ಎಂದಿತು. ಎಷ್ಟೋ ವರ್ಷದಿಂದ ಹೊರಗೆ ಬರಲು ಕಾದಿದ್ದ ರ ಅದು.

ಹಾಳೆ ಕಪ್ಪಗಿತ್ತು, ದೊಡ್ಡದು. ಶುರು ಮಾಡುವಾಗ ರೂಢಿಯಂತೆ ಇಬ್ಬರೂ ವಿಭೂತಿಯಲ್ಲಿ ಬೆರಳದ್ದಿ ನೆತ್ತಿಗೆ ಮೂರು ಗೆರೆ ಎಳೆದಿದ್ದೆವು. ನನ್ನದು ಮುಗಿದ ಮೇಲೆ ಕಪ್ಪು ಬಣ್ಣ ತೆಗೆದುಕೊಂಡು ಆ ಗೆರೆಗಳನ್ನು ಚೊಕ್ಕಟವಾಗಿ ಮುಚ್ಚಿದೆ. ಬೆಳಕಿಗೆ ಹಿಡಿದರೂ ಕಾಣದಂತೆ ಮುಚ್ಚಿದೆ. ಮಾವ ಇದನ್ನು ನೋಡಲು ಇಲ್ಲಿದ್ದಿದ್ದರೆ ಎಂದುಕೊಂಡೆ.

ವೈಜಿನಾಥ ಎಲ್ಲಿದ್ದ ಅನ್ನುತ್ತೀರಿ? ಅಂಗಳದಲ್ಲಿ. ಗೆರೆ ಎಳೆದವನೇ ‘ಒಂದ್ ಚಾ ಕುಡ್ದ್ ಬರ್ತೀನಿ’ ಎಂದು ಹೋದವನು ಅಲ್ಲಿ ಯಾರಿಗೋ ಉರ್ದು ಅಕ್ಷರ ಕಲಿಸುತ್ತ ಕೂತ. ಗಂಟೆ ಬಾರಿಸಿದಾಗ ಓಡಿ ಬಂದ. ಅವನ ಹಾಳೆಯಲ್ಲಿ ಮೂರು ಗೆರೆ ಬಿಟ್ಟರೆ ಏನೂ ಇರಲಿಲ್ಲ.

ಹಿರಿಯರು ಮೊದಲು ನನ್ನ ಹತ್ತಿರ ಬಂದರು. ಬೋಳು ತಲೆಯ ಜಾರ್ಜಿಯಾದವನು, ಆರ್ಮೇನಿಯಾದ ಒಬ್ಬ ಅಜ್ಜಿ, ಎತ್ತರದ ಒಬ್ಬ ಜರ್ಮನ್. ಬೋಳು ತಲೆಯವನು ಅಣಬೆಯೇ ಎಂದು ಕೇಳಿದ. ಅಜ್ಜಿ ಟೋಪಿ ಅಂದಳು. ನಾನು ಬೆವರೊರೆಸಿಕೊಂಡು, ಟವೆಲ್ ಕೆಳಗೆ ಎರಡು ಕೈ, ಗುಟ್ಟಿನ ದರ ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಮೂವರೂ ಒಂದು ಹೆಜ್ಜೆ ಹಿಂದೆ ಸರಿದರು.

“ತಡಿ ಅಣ್ಣಾ, ನಾ ಹೇಳ್ತೀನಿ,” ಎಂದ ವೈಜಿನಾಥ. ಹೆಗಲಿನ ಟವೆಲ್ ತೆಗೆದ, ಬೋಳು ತಲೆಯವನ ಕೈ ಹಿಡಿದ, ಮೇಲೆ ಹೊದಿಸಿದ, ಎಮ್ಮೆ ಮಾರಲು ಶುರು ಮಾಡಿದ. ಎಮ್ಮೆಯ ಕೂಗನ್ನೂ ಹಾಕಿದ! ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗೂ ಟವೆಲ್ ಬೇಕು, ಎಲ್ಲರೂ ಬೆರಳು ಒತ್ತಬೇಕು. ಆ ಗದ್ದಲದಲ್ಲಿ ನನ್ನ ಹಾಳೆಯ ಕಡೆ ಯಾರು ನೋಡುತ್ತಾರೆ? ನನ್ನ ಸಂತೆಯಲ್ಲಿ ಅವನ ಎಮ್ಮೆ ಮಾರಾಟವಾಯಿತು.

ನಂತರ ಅವನ ಹಾಳೆ. ಹಿರಿಯರು ಬಗ್ಗಿ ನೋಡಿದರು. ವೈಜಿನಾಥ ತಲೆ ಕೆರೆದುಕೊಂಡ. ಅವನು ತಲೆ ಕೆರೆಯುವುದು ಏನಾದರೂ ಮರೆತಾಗ ಮಾತ್ರ. ಅದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇವತ್ತು ಸಿಕ್ಕಿಬಿದ್ದ ಮಗ ಎಂದು ನಾನು ಒಳಗೊಳಗೇ ಕುಣಿದೆ.

ಅವನು ಬಾಯಿ ತೆರೆದ. ನಮ್ಮ ಕಡೆ ಏನೇ ಶುರು ಮಾಡಿದರೂ ಮೊದಲು ಇದನ್ನು ಎಳೆಯುತ್ತೇವೆ ಎಂದ. ಅಕ್ಷರಕ್ಕಿಂತ ಮೊದಲು, ಅಂಗಡಿಗಿಂತ ಮೊದಲು, ದರಕ್ಕಿಂತ ಮೊದಲು. ಇದಕ್ಕೆ ಪೆನ್ನು ಬೇಡ, ಶಾಲೆ ಬೇಡ, ಮೂರು ಬೆರಳಿದ್ದರೆ ಸಾಕು. ಬೂದಿಯೂ ಸಾಕು.

ಸುಳ್ಳು ಹೇಳಿದ್ದರೆ ಅಲ್ಲೇ ಹಿಡಿಯುತ್ತಿದ್ದೆ. ಒಂದಕ್ಷರ ಸುಳ್ಳಿರಲಿಲ್ಲ. ಅದೇ ನನ್ನನ್ನು ಸುಟ್ಟಿತು. ಬೋಳು ತಲೆಯವನು ಮೇಜಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಮೂರು ಬೆರಳದ್ದಿ ಗೆರೆ ಎಳೆದ. ಅಜ್ಜಿ ಎಳೆದಳು. ಜರ್ಮನ್ ಎಳೆದ, ಇನ್ನೊಮ್ಮೆ ಎಳೆದ, ತಲೆಯಾಡಿಸಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನದನ್ನು ನಾನು ಬರೆಯಬೇಕೇ?

ಕೂಪನ್ನು

ಮರುದಿನ ಬೆಳಿಗ್ಗೆ ನನ್ನ ಕೈಗೆ ನೀಲಿ ಕೂಪನ್ನುಗಳು ಬಂದವು, ಪ್ರತಿಯೊಂದರ ಮೇಲೂ ಬಿಳಿಯ ಮೂರು ಗೆರೆ. ಷಡ್ಡಕನ ದುಡ್ಡು! ಇದನ್ನು ಕೊಟ್ಟರೆ ಮಾತ್ರ ನನಗೆ ಚಹಾ. ಹಸಿವಿಲ್ಲ ಎಂದು ಮಧ್ಯಾಹ್ನದವರೆಗೆ ತಳ್ಳಿದೆ. ಹೊಟ್ಟೆಗೆ ಮಾನ ಎಲ್ಲಿಂದ ಬರಬೇಕು, ಅದು ಒಳಗಿನಿಂದಲೇ ಬೈಯತೊಡಗಿತು. ಗೇಟಿನ ಪಕ್ಕ ರೊಟ್ಟಿಯವಳ ಹತ್ತಿರ ಹೋದೆ.

ಅವಳ ಒಲೆ ನೆಲದಲ್ಲಿ ಹೂತ ಬಾವಿಯಂತಿತ್ತು, ನಮ್ಮ ಬಸವಕಲ್ಯಾಣದ ತಂದೂರಿನ ಅಕ್ಕ. ಸೊಂಟದವರೆಗೆ ಬಗ್ಗಿ ಹಿಟ್ಟನ್ನು ಒಳಗೋಡೆಗೆ ಬಡಿಯುತ್ತಿದ್ದಳು. ನನ್ನಿಂದ ಕೂಪನ್ನು ತೆಗೆದುಕೊಂಡಳು. ಆಮೇಲೆ ಹಿಟ್ಟಿನ ಕೈಯ ಮೂರು ಬೆರಳಿನಿಂದ ಹೊಗೆ ಹಿಡಿದ ಗೋಡೆಯ ಮೇಲೆ ಚರಕ್ಕನೆ ಎಳೆದಳು. ಗೋಡೆಯ ತುಂಬ ಅಂಥವೇ ಇದ್ದವು. ಒಂದು ಕೂಪನ್ನಿಗೆ ಒಂದು, ಅದು ಅವಳ ಲೆಕ್ಕದ ಗುರುತು. ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಬಿಸಿ ರೊಟ್ಟಿ ಹಿಡಿದು ಆ ಗೋಡೆ ನೋಡುತ್ತ ನಿಂತೆ. ದುಡ್ಡಿನ ಚಿಹ್ನೆ ಎಂದರೆ ಹೀಗಿರಬೇಕು. ಕೆಲಸ ಬಲ್ಲವನಾಗಿ ಒಪ್ಪಿಕೊಳ್ಳಲೇಬೇಕಾಯಿತು, ಒಪ್ಪಿಕೊಂಡಿದ್ದಕ್ಕೆ ಇನ್ನಷ್ಟು ಉರಿಯಿತು. ಅವನು ಗೆದ್ದದ್ದು ಮೋಸದಿಂದಾಗಿದ್ದರೆ ಎಷ್ಟು ಹಾಯಾಗಿರುತ್ತಿತ್ತು!

ಸಂಜೆ ನದಿಯ ಸೇತುವೆಯ ಮೇಲೆ ಅವನನ್ನು ಹಿಡಿದೆ.

“ಖರೆ ಹೇಳು ವೈಜಿನಾಥ. ಬರ್ಯೋದು ಮರ್ತಿದ್ದಿ, ಹೌದಿಲ್ಲೋ?”

“ಬಿಲ್ಕುಲ್ ಮರ್ತಿದ್ದೆ ಅಣ್ಣಾ!” ಎಂದು ನಕ್ಕ. “ಕಲ್ಯಾಣದ ಕೋಟಿ ಕಮಾನ ಬರೀಬೇಕಂತ ಮಾಡಿದ್ದೆ. ಆಕಿ ಕೋಟಿ ಬ್ಯಾಡ ಅಂದದ್ದೂ ಕೇಳಿದ್ದಿಲ್ಲ ನಾ. ಮುಸೀಬತ್ತಿನಾಗ ಬಾಯಿಗಿ ಬಂದದ್ದು ಹೇಳ್ದೆ, ಆಗಿಹೋತು.”

“ಅದು ಮಾವ ಕಲಿಸಿದ್ದು. ಮುಚ್ಚಬೇಕಂತ ಕಲಿಸ್ಯಾರ. ನಾ ಮುಚ್ಚೀನಿ.”

“ನೀ ಮುಚ್ಚೀದಿ, ನಾ ಬಿಟ್ಟೆ. ಗೆದ್ದದ್ದು ಮಾವನ ಗೆರಿ ಅಲ್ಲೇನ್?”

“ಹಂಗಾದ್ರ ಅಷ್ಟ್ ಜನರ ಮುಂದ ಮಾವನ ಹೆಸರು ಯಾಕ್ ಹೇಳಲಿಲ್ಲ?”

ಅವನ ನಗು ನಿಂತಿತು. ಸೇತುವೆಯ ಕಂಬಿ ಹಿಡಿದು ನೀರು ನೋಡಿದ. “ನೆನಪ್ ಆಗಲಿಲ್ಲ ಅಣ್ಣಾ,” ಅಂದ. ಬಾಯಿ ಬಡಾಯಿಯ ವೈಜಿನಾಥ ತಲೆ ತಗ್ಗಿಸಿದ್ದನ್ನು ನಾನು ಅವತ್ತೇ ಕಂಡದ್ದು. ಖುಷಿಯಾಗಬೇಕಿತ್ತು, ಅಷ್ಟೇನೂ ಆಗಲಿಲ್ಲ.

ಹೊರಡುವ ದಿನ ನೀನೋ ಹಾಳೆಗಳನ್ನು ಹಿಂದಿರುಗಿಸಿದಳು. ನಾನು ನನ್ನದನ್ನು ಸುರುಳಿ ಸುತ್ತಿ ಗೇಟಿನವರೆಗೆ ತಂದೆ. ಗೋಡೆಯ ಮೇಲಿನ ಹಿಟ್ಟಿನ ಗೆರೆಗಳು ಮತ್ತೆ ಕಣ್ಣಿಗೆ ಬಿದ್ದವು. ಸಿಟ್ಟು ನೆತ್ತಿಗೇರಿತು. ಅಣಬೆಯಂತೆ, ಟೋಪಿಯಂತೆ! ಸುರುಳಿಯನ್ನು ಕಸದ ಡಬ್ಬಿಗೆ ತುರುಕಿ ಗಾಡಿ ಹತ್ತಿದೆ.

ಬಸವಕಲ್ಯಾಣ

ಹೈದರಾಬಾದಿನಿಂದ ಬಂದ ಗಾಡಿ ನೇರ ಬಸವಕಲ್ಯಾಣಕ್ಕೆ ಹೋಯಿತು. ಮಾವ ಇರುವುದು ವೈಜಿನಾಥನ ಮನೆಯಲ್ಲೇ. ಕಸ್ತೂರಬಾಯಿ ಮುಂಚೆಯೇ ಬಂದು ತಂಗಿಯ ಜೊತೆ ಹೋಳಿಗೆ ಮಾಡುತ್ತಿದ್ದಳು. ಗೆದ್ದ ಸುದ್ದಿ ಫೋನಿನಲ್ಲಿ ನಮಗಿಂತ ಮೊದಲೇ ಮುಟ್ಟಿತ್ತು. ಓಣಿಯ ಜನ ಕಟ್ಟೆಯ ಮೇಲೆ ನೆರೆದಿದ್ದರು. ವೈಜಿನಾಥ ಎಲ್ಲರಿಗೂ ಒಂದೊಂದು ನೀಲಿ ಕೂಪನ್ನು ಹಂಚಿದ.

ಮಾವ ಹೊರಸಿನ ಮೇಲೆ ಕೂತಿದ್ದರು. ಈಗ ಕೈ ನಡುಗುತ್ತದೆ, ಕುಂಚ ಹಿಡಿಯುವುದಿಲ್ಲ, ಕಣ್ಣು ಮಾತ್ರ ಹದ್ದಿನದೇ. ಕೂಪನ್ನನ್ನು ಬೆಳಕಿಗೆ ಹಿಡಿದರು, ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಮುಂಬದಿ ನೋಡಿದರು. ಭೇಷ್ ಅನ್ನುತ್ತಾರೆ, ಈಗ ಅನ್ನುತ್ತಾರೆ ಎಂದು ನಾನು ಅವರ ತುಟಿಯನ್ನೇ ನೋಡುತ್ತಿದ್ದೆ.

“ಇದೇನೋ ವೈಜಿನಾಥ?” ಅಂದರು ಮಾವ. “ಪೂಜಾ ಮಾಡಿ ಹಲಗಿ ಹಂಗೇ ಬಿಟ್ಟ್ ಬಂದೀದಿ? ಅಕ್ಷರ ಎಲ್ಲಿ ಅದಾವ?”

ಕಟ್ಟೆಗೆ ಕಟ್ಟೆಯೇ ನಕ್ಕಿತು. ವೈಜಿನಾಥ ಎಲ್ಲರಿಗಿಂತ ಜೋರಾಗಿ ನಕ್ಕ, ಆಮೇಲೆ ಮಾವನ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದ. ಚಹಾಕ್ಕೆ ಹೋದದ್ದು, ಬರೆಯಲು ಮರೆತದ್ದು, ಅವರ ಹೆಸರು ಹೇಳಲು ನೆನಪಾಗದ್ದು, ಒಂದನ್ನೂ ಬಿಡಲಿಲ್ಲ. ಮಾವ ಅವನ ತಲೆಗೆ ಮೊಟಕಿದರು. ನನಗೆ ಆದ ಆನಂದ ಏನು ಹೇಳಲಿ! ಟಿಬಿಲಿಸಿಯಲ್ಲಿ ಅರ್ಧ ಮಾಡಿದ ಊಟವೆಲ್ಲ ಆ ಒಂದು ಮೊಟಕಿನಲ್ಲಿ ಉಂಡ ಹಾಗಾಯಿತು.

ಮಾವ ನನ್ನ ಕಡೆ ತಿರುಗಿದರು.

“ಮಾಣಿಕಪ್ಪಾ, ನಿಂದು ತೋರಸು.”

ಅಳಿಯನಾದ ಮೇಲೆ ಅವರು ನನ್ನ ಕೆಲಸ ತೋರಿಸು ಎಂದು ಕೇಳಿದ್ದು ಅದೇ ಮೊದಲು. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು. ಚೀಲದಲ್ಲಿ ಬಟ್ಟೆ ಇತ್ತು, ಅಕ್ರೋಟಿನ ಸರ ಇತ್ತು.

“ಅಲ್ಲೇ ಬಿಟ್ಟ್ ಬಂದೆ ರಿ,” ಅಂದೆ.

“ಅವರೇನ್ ಇಟ್ಕೊಂಡ್ರು?”

ಸುಳ್ಳು ಹೇಳಬಹುದಿತ್ತು. ಕಸ್ತೂರಬಾಯಿ ಹಿಟ್ಟಿನ ಕೈ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇಲ್ರಿ. ಕಸದಾಗ ಒಗದೆ. ಇವನದು ಗೆದ್ದಿತ್ತು, ನಂದು ಯಾರೂ ನೋಡಲಿಲ್ಲ. ಹೊಟ್ಟಿ ಉರೀತು, ಒಗದೆ.”

ಮಾವ ನನ್ನನ್ನೇ ನೋಡಿದರು. ಕೂಪನ್ನನ್ನು ಹೊರಸಿನ ಮೇಲಿಟ್ಟರು.

“ಇಷ್ಟ್ ವರ್ಷ ನಿನ್ನ ಬೋರ್ಡ್ ನೋಡಿ ನಾ ಏನೂ ಅಂದಿಲ್ಲ. ಯಾಕ ಗೊತ್ತದ?”

“ಇಲ್ರಿ.”

“ತಪ್ಪು ಹುಡುಕ್ತಿದ್ದೆ. ಸಿಗ್ತಿದ್ದಿಲ್ಲ. ತಪ್ಪಿಲ್ಲದ ಕಡಿ ಮಾಸ್ತರಗ ಏನ್ ಕೆಲಸ?” ಅಂದರು. “ಇವತ್ತ ಸಿಕ್ತು ನೋಡು, ನಿಂದೊಂದ್ ತಪ್ಪು. ಬರದದ್ದು ಒಗದು ಬಂದೀದಿ. ನಾ ನೋಡೋದಿತ್ತಲ್ಲೋ ಅದು.”

ನಾನು ನೆಲ ನೋಡಿದೆ. ಎಷ್ಟೋ ವರ್ಷ ಕಾದ ಮಾತು, ಅದನ್ನು ಕೇಳಿಸಿಕೊಳ್ಳುವಾಗ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ತಲೆಯೆತ್ತಿದಾಗ ವೈಜಿನಾಥ ಇನ್ನೂ ಮಾವನ ಕಾಲ ಹತ್ತಿರವೇ ಕೂತಿದ್ದ. ಈಗ ನಗುತ್ತಿರಲಿಲ್ಲ. ಕೈಯಲ್ಲಿದ್ದ ಕೂಪನ್ನುಗಳನ್ನು ನೆಲದ ಮೇಲಿಟ್ಟಿದ್ದ.

“ಮಾವಾರ, ತಪ್ಪ್ ಸಿಗಲಿಲ್ಲಂತ ನನಗ ಯಾವತ್ತೂ ಅಂದಿಲ್ರಿ ನೀವು,” ಅಂದ.

ಅವನ ಮುಖ ಸಣ್ಣದಾಗಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಜಾರ್ಜಿಯಾದ ಉದ್ದಕ್ಕೂ ನಾನು ಹೊತ್ತುಕೊಂಡು ತಿರುಗಿದ ಮುಖವೇ ಅದು.